ಟ್ರ್ಯಾಕ್ಟರಿನ ಟ್ರೇಲರಿಗೆ ಬ್ರೇಕು: ಅದು ಕೆಟ್ಟಾಗ ದೋಷವನ್ನು ಕಂಡುಹಿಡಿಯುವ ಬಗೆ

ಸುಗ್ಗಿಯ ದಿನಗಳು ಬಂದುವೆಂದರೆ ನಮ್ಮ ಜಿಲ್ಲೆಯ ರಸ್ತೆಗಳ ಮೇಲೆ ಟ್ರ್ಯಾಕ್ಟರುಗಳ ಓಡಾಟವು ಮಿತಿಮೀರುವುದು. ನವಲಗುಂದ, ಅಣ್ಣಿಗೇರಿ, ಕುಂದಗೋಳಗಳ ಎರೆಭೂಮಿಯಿಂದ ಹತ್ತಿ, ಕಡಲೆ, ಗೋವಿನಜೋಳ, ಮೆಣಸಿನಕಾಯಿಗಳು ಹುಬ್ಬಳ್ಳಿಯ ಅಮರಗೋಳದ ಮಾರುಕಟ್ಟೆಗೆ ಬರುತ್ತವೆ. ಕಲಘಟಗಿ, ಅಳ್ನಾವರಗಳ ಕಡೆಯ ಕಬ್ಬು ಹಳಿಯಾಳದ ಸಕ್ಕರೆ ಕಾರಖಾನೆಯತ್ತ ಸಾಗುತ್ತದೆ. ಹಿಂದೆ ಹತ್ತು ಚಕ್ಕಡಿಗಳು ಒಯ್ಯುತ್ತಿದ್ದ ಮಾಲನ್ನು ಇಂದು ಒಂದೇ ಟ್ರೇಲರಿನಲ್ಲಿ ಹೇರಿ, ಚಕ್ಕಡಿಯ ನಾಲ್ಕೈದು ಪಟ್ಟು ವೇಗದಿಂದ ಒಯ್ಯುವ ಅನುಕೂಲವು ಒದಗಿರುವುದು ಸಂತೋಷದ ಸಂಗತಿಯೇ ಸರಿ. ಆದರೆ ಎಳೆಯುವ ಶಕ್ತಿಯು ಬೆಳೆದಷ್ಟು ನಿಲ್ಲಿಸುವ ಶಕ್ತಿಯು ಬೆಳೆದಿಲ್ಲ. ಟ್ರ್ಯಾಕ್ಟರನ್ನು ಕೊಳ್ಳುವಾಗ ಅಶ್ವಶಕ್ತಿಯನ್ನು ಹತ್ತು ಸಾರೆ ವಿಚಾರಿಸುವ ಜಮೀನುದಾರರು ಟ್ರೇಲರನ್ನು ಕೊಳ್ಳುವಾಗ ಅದಕ್ಕೆ ಬ್ರೇಕು ಉಂಟೋ ಇಲ್ಲವೋ ಎಂದು ಒಂದು ಸಾರೆಯೂ ಕೇಳುವುದಿಲ್ಲ. ಬ್ರೇಕು ಇದ್ದರೂ ಅದು ಕೆಲಸ ಮಾಡುವುದೋ ಎಂದು ನೋಡುವವರು ಇನ್ನೂ ಕಡಿಮೆ. ಆದಕಾರಣ ಊರ ಹಿರಿಯರಿಗೂ ಜಮೀನುದಾರರಿಗೂ ಈ ವಿಷಯವನ್ನು ತುಸು ವಿಸ್ತಾರವಾಗಿ ಅರಿಕೆಮಾಡಿಕೊಳ್ಳುವುದು ಯುಕ್ತವೆಂದು ತೋರುತ್ತದೆ.

ಎತ್ತಿನ ಗಾಡಿಯನ್ನು ಹೊಡೆದು ಬಲ್ಲವರಿಗೆ ಇದರ ಮೂಲತತ್ತ್ವವು ಗೊತ್ತಿದ್ದದ್ದೇ. ಏರಿನಲ್ಲಿ ಎತ್ತುಗಳು ಗಾಡಿಯನ್ನು ಎಳೆಯುತ್ತವೆ. ಇಳಿಜಾರಿನಲ್ಲಿ ಗಾಡಿಯೇ ಎತ್ತುಗಳನ್ನು ನೂಕುತ್ತದೆ. ಭಾರವು ಕೊರಳ ಮೇಲೆ ಬಿದ್ದಾಗ ಎತ್ತುಗಳು ಕಾಲೂರಿ ಹಿಂದಕ್ಕೆ ಒತ್ತುತ್ತವೆ, ಗಾಡಿ ಹೊಡೆಯುವವನು ಕೆಳಗಿಳಿದು ಗಾಲಿಗೆ ಅಡ್ಡ ಕಟ್ಟಿಗೆಯನ್ನು ಕೊಡುತ್ತಾನೆ. ಟ್ರ್ಯಾಕ್ಟರೂ ಈ ವಿಷಯದಲ್ಲಿ ಒಂದು ಎತ್ತೇ. ಆದರೆ ಇದಕ್ಕೆ ಹಿಂದಿನ ಭಾರವನ್ನು ಅರಿಯುವ ಬುದ್ಧಿಯಿಲ್ಲ, ಬಿಸಿಲಿಗೆ ಕಾದ ಡಾಂಬರಿನ ಮೇಲಿಂದ ಕೆಳಗಿಳಿದು ಗಾಲಿಗೆ ಕಟ್ಟಿಗೆ ಕೊಡುವಷ್ಟು ವೇಳೆಯೂ ಚಾಲಕನಿಗಿಲ್ಲ.

ಒಂದು ಲೆಕ್ಕವನ್ನು ಮಾಡಿ ನೋಡೋಣ. ಟ್ರ್ಯಾಕ್ಟರಿನ ತೂಕ ೨ ಟನ್ನು, ನಾಲ್ಕು ಗಾಲಿಯ ಟ್ರೇಲರು ಮಾಲು ಸಹಿತ ೬ ಟನ್ನು, ಒಟ್ಟು ೮ ಟನ್ನು ಎಂದಿಟ್ಟುಕೊಳ್ಳಿರಿ. ನಮ್ಮಲ್ಲಿಯ ಸಾಮಾನ್ಯ ಟ್ರ್ಯಾಕ್ಟರುಗಳಲ್ಲಿ ಬ್ರೇಕು ಹಿಂದಿನ ಎರಡು ಗಾಲಿಗಳಿಗೆ ಮಾತ್ರ ಇರುತ್ತದೆ. ಆ ಗಾಲಿಗಳ ಮೇಲೆ ಬೀಳುವ ಭಾರವು ಸುಮಾರು ೧,೪೦೦ ಕಿಲೋಗ್ರಾಮು. ಒಣಗಿದ ಡಾಂಬರು ರಸ್ತೆಯಲ್ಲಿ ಟೈರಿನ ಹಿಡಿತವು ಅದರ ಮೇಲಿನ ಭಾರದ ಹತ್ತರಲ್ಲಿ ಆರು ಪಾಲು ಎಂದು ಹಿಡಿದರೆ, ತಡೆಯುವ ಬಲವೆಲ್ಲ ಸೇರಿ ೮೪೦ ಕಿಲೋಗ್ರಾಮಿನಷ್ಟು. ೮,೦೦೦ ಕಿಲೋಗ್ರಾಮಿನ ಓಟವನ್ನು ೮೪೦ ಕಿಲೋಗ್ರಾಮಿನ ಬಲವು ತಡೆಯಬೇಕು! ತಾಸಿಗೆ ೨೫ ಕಿಲೋಮೀಟರಿನ ವೇಗದಲ್ಲಿ ಹೋಗುವ ಈ ಜೋಡಿಯು ಸಮನಾದ ರಸ್ತೆಯ ಮೇಲೆ ನಿಲ್ಲಲು, ಚಾಲಕನು ಎಚ್ಚತ್ತು ಕಾಲೊತ್ತುವ ಒಂದು ಸೆಕೆಂಡಿನ ದೂರವನ್ನೂ ಸೇರಿಸಿ, ೩೦ ಮೀಟರು ಬೇಕಾಗುವುದು. ಇಪ್ಪತ್ತು ಮೀಟರಿಗೆ ಒಂದು ಮೀಟರು ಇಳಿಯುವ ಇಳಿಜಾರಿನಲ್ಲಿ ಇದು ೫೦ ಮೀಟರನ್ನು ದಾಟುವುದು. ಅದೇ ಇಳಿಜಾರಿನಲ್ಲಿ ಮಳೆಯಾಗಿ ಟೈರಿನ ಹಿಡಿತವು ಹತ್ತರಲ್ಲಿ ನಾಲ್ಕು ಪಾಲಿಗೆ ಇಳಿದರೆ ೧೩೦ ಮೀಟರು. ಇನ್ನು ಹತ್ತಕ್ಕೆ ಒಂದರ ಇಳಿಜಾರಿನಲ್ಲಿ ಭಾರವು ತಾನೇ ಕೆಳಕ್ಕೆಳೆಯುವ ಬಲವು ೮೦೦ ಕಿಲೋಗ್ರಾಮು. ಒಣ ರಸ್ತೆಯಿದ್ದರೂ ತಡೆಯಲು ಉಳಿಯುವುದು ೪೦ ಕಿಲೋಗ್ರಾಮು ಮಾತ್ರ. ರಸ್ತೆ ತೋಯ್ದಿದ್ದರೆ ಆ ಜೋಡಿಯು ನಿಲ್ಲುವುದೇ ಇಲ್ಲ, ಬ್ರೇಕನ್ನು ಎಷ್ಟೇ ಬಲವಾಗಿ ಒತ್ತಿದರೂ ವೇಗವು ಹೆಚ್ಚುತ್ತಲೇ ಹೋಗುವುದು.

ಈಗ ಟ್ರೇಲರಿನ ಗಾಲಿಗಳಿಗೂ ಬ್ರೇಕು ಇದ್ದು, ಅದು ತನ್ನ ಭಾರದ ನಾಲ್ಕರಲ್ಲಿ ಒಂದು ಪಾಲಿನಷ್ಟು ಬಲವನ್ನು ಕೊಟ್ಟರೂ ಸಾಕು, ಸಮನಾದ ಒಣ ರಸ್ತೆಯಲ್ಲಿ ಸುಮಾರು ೧೫ ಮೀಟರಿನಲ್ಲಿ, ಇಪ್ಪತ್ತಕ್ಕೊಂದರ ಇಳಿಜಾರಿನಲ್ಲಿ ೧೭ ಮೀಟರಿನ ಆಸುಪಾಸಿನಲ್ಲಿ ಎಲ್ಲವೂ ನಿಲ್ಲುವುದು. ಐವತ್ತು ಮೀಟರಿಗೂ ಹದಿನೇಳು ಮೀಟರಿಗೂ ನಡುವೆ ಇರುವುದು ಏನು? ಶಾಲೆಯಿಂದ ಬರುವ ಕೂಸು ಇರಬಹುದು, ಎಮ್ಮೆಗಳ ಹಿಂಡು ಇರಬಹುದು, ನಿಂತ ಬಸ್ಸು ಇರಬಹುದು. ಎರಡು ಗಾಲಿಯ ಟ್ರೇಲರಿನಲ್ಲಿ ಭಾರದ ಒಂದು ಪಾಲು ಟ್ರ್ಯಾಕ್ಟರಿನ ಹಿಂದಿನ ಗಾಲಿಗಳ ಮೇಲೆ ಬೀಳುವುದರಿಂದ ಲೆಕ್ಕವು ಸ್ವಲ್ಪ ಉತ್ತಮವಾಗುತ್ತದೆ. ಕಬ್ಬಿನ ಕಾಲದಲ್ಲಿ ಒಂದರ ಹಿಂದೆ ಒಂದರಂತೆ ಎರಡು ಟ್ರೇಲರುಗಳನ್ನು ಕಟ್ಟುವ ರೂಢಿಯಲ್ಲಿ ಎಷ್ಟು ಕೆಡುತ್ತದೆಂಬುದನ್ನು ವಾಚಕರೇ ಗುಣಿಸಿ ನೋಡಬಹುದು.

ದೂರದ ಮಾತು ಹಾಗಿರಲಿ, ಇನ್ನೊಂದು ಅಪಾಯವು ಇದಕ್ಕಿಂತ ಘೋರವಾದದ್ದು. ಮುಂದಿನದು ನಿಂತು ಹಿಂದಿನದು ನೂಕಿದರೆ ಜೋಡಿಯು ನಡುವಿನ ಕೀಲಿನಲ್ಲಿ ಮಡಿಚಿಕೊಳ್ಳುವುದು. ಟ್ರೇಲರು ಒಂದು ಮಗ್ಗುಲಿಗೆ ಬಂದು ಟ್ರ್ಯಾಕ್ಟರನ್ನು ಅಡ್ಡಕ್ಕೆ ತಿರುವಿ ಉರುಳಿಸುವುದು. ಚಾಲಕನು ಕೆಳಗೆ ಸಿಕ್ಕುವನು. ಆದಕಾರಣ ಟ್ರೇಲರಿನ ಬ್ರೇಕು ಟ್ರ್ಯಾಕ್ಟರಿನ ಬ್ರೇಕಿನೊಡನೆ, ಸಾಧ್ಯವಾದರೆ ಅದಕ್ಕಿಂತ ಕಣ್ಣೆವೆಯಷ್ಟು ಮುಂಚಿತವಾಗಿ, ಹಿಡಿಯತಕ್ಕದ್ದು. ಜೋಡಿಯು ಜಗ್ಗಿದ ಹಗ್ಗದಂತೆ ನೆಟ್ಟಗೆ ಇರಬೇಕು.

ಇಲ್ಲಿಯೇ ಒಂದು ಮಾತನ್ನು ಹೇಳಿಬಿಡಬೇಕು. ಹೊಲದಲ್ಲಿ ಸಾಲಿನ ಕೊನೆಗೆ ತಿರುಗಲು ಅನುಕೂಲವಾಗಲೆಂದು ಟ್ರ್ಯಾಕ್ಟರಿಗೆ ಎಡಕ್ಕೂ ಬಲಕ್ಕೂ ಬೇರೆ ಬೇರೆ ಬ್ರೇಕಿನ ಪೆಡಲುಗಳಿವೆ. ಅವೆರಡನ್ನೂ ಕೂಡಿಸುವ ಒಂದು ಚಿಲಕವೂ ಇದೆ. ಹೊಲದಿಂದ ರಸ್ತೆಗೆ ಬರುವಾಗ ಆ ಚಿಲಕವನ್ನು ಹಾಕದೆ ಬಂದರೆ, ಅವಸರದಲ್ಲಿ ಒಂದೇ ಪೆಡಲಿನ ಮೇಲೆ ಕಾಲು ಬಿದ್ದು ಟ್ರ್ಯಾಕ್ಟರು ಗಿರ್ರನೆ ತಿರುಗುವುದು. ಬ್ರೇಕು ಕೆಟ್ಟಿತೆಂದು ಮಿಸ್ತ್ರಿಯ ಕಡೆಗೆ ತಂದ ಎಷ್ಟೋ ಟ್ರ್ಯಾಕ್ಟರುಗಳಲ್ಲಿ ಕೆಟ್ಟಿರುವುದು ಬ್ರೇಕಲ್ಲ, ಹಾಕದ ಚಿಲಕ.

ಇನ್ನು ಟ್ರೇಲರಿನ ಬ್ರೇಕುಗಳಲ್ಲಿ ನಮ್ಮ ಕಡೆಗೆ ಕಾಣಸಿಗುವ ಬಗೆಗಳು ಮುಖ್ಯವಾಗಿ ಮೂರು. ಟ್ರೇಲರು ಮುಂದಕ್ಕೆ ನೂಕಿದಾಗ ಅದರ ನೊಗದ ಕೊಳವೆಯು ಒಳಸರಿದು, ಸರಳು ಇಲ್ಲವೆ ತಂತಿಯ ಹಗ್ಗದ ಮೂಲಕ ಗಾಲಿಯ ಬ್ರೇಕನ್ನು ಜಗ್ಗುವುದು ಒಂದು ಬಗೆ. ಭಾರವೇ ತನ್ನನ್ನು ತಾನು ಕಟ್ಟಿಹಾಕುವ ಈ ಉಪಾಯವು ಸರಳವಾದದ್ದು. ಟ್ರ್ಯಾಕ್ಟರಿನಿಂದ ಎಣ್ಣೆಯ ಒತ್ತಡವು ರಬ್ಬರಿನ ನಳಿಗೆಯಲ್ಲಿ ಹಿಂದಕ್ಕೆ ಹೋಗಿ ಹಿಡಿಯುವುದು ಎರಡನೆಯದು. ಗಾಳಿಯ ಒತ್ತಡದಿಂದ ಹಿಡಿಯುವುದು ಮೂರನೆಯದು. ಇದಕ್ಕೆ ಟ್ರ್ಯಾಕ್ಟರಿನ ಮೇಲೆ ಗಾಳಿಯನ್ನು ಒತ್ತುವ ಯಂತ್ರವೂ ತೊಟ್ಟಿಯೂ ಬೇಕು. ಕೈಯಿಂದ ಎಳೆಯುವ ಒಂದು ಸನ್ನೆಯನ್ನು ಮಾತ್ರ ಹಚ್ಚಿ ಬ್ರೇಕು ಎಂದು ಮಾರುವ ಟ್ರೇಲರುಗಳೂ ಉಂಟು. ಅದು ನಿಂತ ಟ್ರೇಲರನ್ನು ನಿಲ್ಲಿಸಿಡಲು ಇರುವುದು, ಓಡುವುದನ್ನು ನಿಲ್ಲಿಸಲು ಅಲ್ಲ.

ಬ್ರೇಕು ಇದ್ದೂ ಇಲ್ಲದಂತಾಗುವುದು ಹೇಗೆಂಬುದಕ್ಕೆ ಒಂದು ನಿದರ್ಶನ. ಒಂದು ಟ್ರೇಲರಿನಲ್ಲಿ ಎಣ್ಣೆಯ ನಳಿಗೆಯನ್ನು ಬಿಚ್ಚಿ, ಮಡಚಿ, ತಂತಿಯಿಂದ ಚೌಕಟ್ಟಿಗೆ ಬಿಗಿದು ಕಟ್ಟಿದ್ದನ್ನು ಕಂಡು ನಾನು ಚಾಲಕನನ್ನು ಕೇಳಿದೆನು. “ಬಲಗಡೆಯ ಗಾಲಿ ಹಿಡಕೊಂಡು ಕೂಡ್ತಿತ್ತು, ಡೀಜೆಲ್ ಭಾಳ ಹೋಗ್ತಿತ್ತು, ಸಾವ್ಕಾರ್ರು ಬಿಚ್ಚಿಬಿಡು ಅಂದ್ರು” ಎಂದನು. ಮಗುಚಿ ನೋಡಿದರೆ ದೋಷವು ಒಂದು ಮುರಿದ ಎಳೆಸ್ಪ್ರಿಂಗು. ಅದರ ಬೆಲೆಯು ಅಂದಿನ ಡೀಜೆಲ್ಲಿನ ಖರ್ಚಿಗಿಂತ ಕಡಿಮೆ. ಒಂದು ಗಾಲಿಯ ದೋಷಕ್ಕಾಗಿ ನಾಲ್ಕೂ ಗಾಲಿಗಳ ಬ್ರೇಕನ್ನು ತ್ಯಜಿಸಿದ್ದರು. ಇಂಥ ಸಂದರ್ಭದಲ್ಲಿ ಚಾಲಕನನ್ನು ದೂರುವುದು ನ್ಯಾಯವಲ್ಲ, ಆಜ್ಞೆಯು ಮಾಲಕನದು. ೧೯೮೮ ರ ಮೋಟಾರು ವಾಹನಗಳ ಕಾಯದೆಯ ಪ್ರಕಾರ ಟ್ರೇಲರಿಗೂ ನೋಂದಣಿಯು ಬೇಕೆಂಬುದನ್ನೂ, ಆ ನೋಂದಣಿಯು ಮಾಲಕನ ಹೆಸರಿನಲ್ಲಿರುತ್ತದೆಂಬುದನ್ನೂ ಜಮೀನುದಾರರು ಮರೆಯಬಾರದು.

ಇನ್ನು ದೋಷವನ್ನು ಹುಡುಕುವ ಬಗೆ. ಹುಡುಕುವಾಗ ಎಲ್ಲವನ್ನೂ ಒಮ್ಮೆಲೆ ಬಿಚ್ಚುವವನು ಎರಡು ಹೊಸ ದೋಷಗಳನ್ನು ಕೂಡಿಸುತ್ತಾನೆ. ಮೊದಲು ಮಾಡತಕ್ಕದ್ದೆಂದರೆ ಜೋಡಿಯನ್ನು ಬಿಡಿಸುವುದು. ಟ್ರೇಲರಿನ ಗಾಲಿಗಳಿಗೆ ಕಲ್ಲು ಕೊಟ್ಟು, ಟ್ರ್ಯಾಕ್ಟರನ್ನು ಒಂದನ್ನೇ ಸಮನಾದ ಬಯಲಿನಲ್ಲಿ ನಡೆಸಿ ಬ್ರೇಕು ಒತ್ತಿ ನೋಡಬೇಕು. ಅದು ನೆಟ್ಟಗೆ ನಿಂತರೆ ದೋಷವು ಹಿಂದೆ ಇದೆ. ಒಂದು ಮಗ್ಗುಲಿಗೆ ಜಗ್ಗಿದರೆ ಟ್ರ್ಯಾಕ್ಟರನ್ನು ಸರಿಪಡಿಸುವ ತನಕ ಟ್ರೇಲರನ್ನು ಮುಟ್ಟಬಾರದು. ಆಮೇಲೆ ಬರಿದಾದ ಟ್ರೇಲರನ್ನು ಕಟ್ಟಿ, ಮನುಷ್ಯನು ನಡೆಯುವಷ್ಟು ವೇಗದಲ್ಲಿ ಮಣ್ಣಿನ ಹಾದಿಯ ಮೇಲೆ ಒಯ್ದು ಬ್ರೇಕನ್ನು ಬಲವಾಗಿ ಒತ್ತಿ, ಕೆಳಗಿಳಿದು ಮಣ್ಣಿನ ಮೇಲಿನ ಗುರುತುಗಳನ್ನು ನೋಡಬೇಕು. ಹಿಡಿದ ಗಾಲಿಯು ಮಣ್ಣನ್ನು ಕೆರೆದಿರುತ್ತದೆ, ಹಿಡಿಯದ ಗಾಲಿಯು ಟೈರಿನ ಅಚ್ಚನ್ನು ಸ್ವಚ್ಛವಾಗಿ ಒತ್ತಿ ಹೋಗಿರುತ್ತದೆ. ಯಾವ ಗಾಲಿಯು ಸೋಮಾರಿಯೆಂಬುದನ್ನು ನೆಲವೇ ಹೇಳುವುದು.

ಎರಡನೆಯ ಸಾಕ್ಷಿಯೆಂದರೆ ಕಾವು. ಐದಾರು ಸಾರೆ ಬ್ರೇಕು ಒತ್ತುತ್ತ ಎರಡು ಕಿಲೋಮೀಟರು ಹೋಗಿ ನಿಂತು, ಅಂಗೈಯ ಹಿಂಬದಿಯನ್ನು ಪ್ರತಿ ಗಾಲಿಯ ಡ್ರಮ್ಮಿನ ಸಮೀಪಕ್ಕೆ ಒಯ್ಯಬೇಕು, ಮುಟ್ಟಬಾರದು, ಸುಡುವುದುಂಟು. ಎಲ್ಲವೂ ಸರಿಸುಮಾರು ಒಂದೇ ಕಾವಿನಲ್ಲಿದ್ದರೆ ಒಳ್ಳೆಯದು. ತಣ್ಣಗಿರುವ ಡ್ರಮ್ಮು ಕೆಲಸ ಮಾಡಿಲ್ಲ. ಬ್ರೇಕು ಒತ್ತದೆ ಹೋದಾಗಲೂ ಕಾದಿರುವ ಡ್ರಮ್ಮು ಹಿಡಿದುಕೊಂಡೇ ಇದೆ, ಅಥವಾ ಅದರ ಬೇರಿಂಗು ಹೋಗಿದೆ. ಗಾಲಿಯನ್ನು ಜಾಕಿನಿಂದ ಎತ್ತಿ ಕೈಯಿಂದ ತಿರುಗಿಸಿ, ಅಲುಗಾಡಿಸಿ ನೋಡಿದರೆ ಎರಡರಲ್ಲಿ ಯಾವುದೆಂಬುದು ಗೊತ್ತಾಗುವುದು.

ತಣ್ಣಗಿನ ಡ್ರಮ್ಮಿನ ಒಳಗೆ ಸಾಧಾರಣವಾಗಿ ಸಿಕ್ಕುವುದು ಇವು: ಬೇರಿಂಗಿನ ಗ್ರೀಸು ಮುದ್ರೆಯನ್ನು ದಾಟಿ ಬ್ರೇಕಿನ ಪಟ್ಟಿಗಳ ಮೇಲೆ ಇಳಿದಿರುವುದು, ಪಟ್ಟಿಗಳು ಸವೆದು ತಲೆಮೊಳೆಗಳು ಡ್ರಮ್ಮನ್ನು ಕೊರೆಯುತ್ತಿರುವುದು, ತಿರುಗುವ ಕೀಲು ತುಕ್ಕು ಹಿಡಿದಿರುವುದು. ಗ್ರೀಸು ಕುಡಿದ ಪಟ್ಟಿಯನ್ನು ಸೀಮೆಎಣ್ಣೆಯಿಂದ ತೊಳೆದು ಮತ್ತೆ ಹಾಕುವ ಪದ್ಧತಿಯನ್ನು ಬಿಡತಕ್ಕದ್ದು. ಒಂದು ದಿನ ಹಿಡಿದಂತೆ ತೋರಿ, ಕಾವೇರಿದ ಕೂಡಲೆ ಒಳಗಿನ ಗ್ರೀಸು ಹೊರಬಂದು ಜಾರುವುದು. ಎರೆಭೂಮಿಯವರಿಗೆ ಇನ್ನೊಂದು ತೊಂದರೆಯುಂಟು. ಮಳೆಗಾಲದ ಎರೆಮಣ್ಣು ಡ್ರಮ್ಮಿನ ಹಿಂಬದಿಯಲ್ಲಿ ಮೆತ್ತಿ, ಒಣಗಿ ಇಟ್ಟಿಗೆಯಂತಾಗಿ ಸನ್ನೆಯು ಅಲುಗದಂತೆ ಮಾಡುತ್ತದೆ. ಹಳ್ಳವನ್ನು ದಾಟಿದ ಮೇಲೆ ಡ್ರಮ್ಮಿನೊಳಗೆ ನೀರು ನಿಂತು ಹಿಡಿತವೇ ಇಲ್ಲದಂತಾಗುವುದು ಸಹಜ. ಆಗ ಬ್ರೇಕನ್ನು ಹಗುರಾಗಿ ಒತ್ತಿಕೊಂಡು ನೂರಿನ್ನೂರು ಹೆಜ್ಜೆ ಹೋದರೆ ಕಾವಿಗೆ ನೀರು ಆರುವುದು. ಹಳ್ಳದ ಆಚೆಗೇ ಇಳಿಜಾರು ಇರುವ ಊರಿನವರು ಇದನ್ನು ಅವಶ್ಯವಾಗಿ ನೆನಪಿನಲ್ಲಿಡಬೇಕು.

ಸರಳಿನ ಬ್ರೇಕಿನಲ್ಲಿ ನೊಗದ ಕೊಳವೆಯು ಸಲೀಸಾಗಿ ಒಳಸರಿಯುವುದೋ ಎಂಬುದೇ ಮುಖ್ಯ. ಅದಕ್ಕೆ ಗ್ರೀಸು ಇಲ್ಲದೆ ತುಕ್ಕು ಹಿಡಿದರೆ ಉಳಿದದ್ದೆಲ್ಲ ವ್ಯರ್ಥ. ಹಿಂದಕ್ಕೆ ನಡೆಸುವಾಗಲೂ ಕೊಳವೆಯು ಒಳಸರಿದು ಬ್ರೇಕು ಹಿಡಿಯುವುದರಿಂದ ಅದಕ್ಕೊಂದು ತಡೆಗೂಟವನ್ನು ಕೊಟ್ಟಿರುತ್ತಾರೆ. ಹಿಂದಕ್ಕೆ ಒಯ್ದು ಮಾಲು ಇಳಿಸಿದ ಮೇಲೆ ಆ ಗೂಟವನ್ನು ತೆಗೆಯಲು ಮರೆತರೆ ಮುಂದೆ ಬ್ರೇಕೇ ಇಲ್ಲ.

ಎಣ್ಣೆಯ ಬ್ರೇಕಿನಲ್ಲಿ ಪೆಡಲು ಮೆತ್ತಗಾಗಿ ಸ್ಪಂಜಿನಂತೆ ಕುಗ್ಗಿದರೆ ನಳಿಗೆಯಲ್ಲಿ ಗಾಳಿಯು ಸೇರಿದೆ. ಅದನ್ನು ಗಾಲಿಯ ಸಿಲಿಂಡರಿನ ತಿರುಪಿನಿಂದ ಹೊರಹಾಕಬೇಕು. ಒತ್ತಿ ಹಿಡಿದಾಗ ಪೆಡಲು ಮೆಲ್ಲಗೆ ಕೆಳಗಿಳಿಯುತ್ತ ಹೋದರೆ ಎಲ್ಲಿಯೋ ಸೋರುತ್ತಿದೆ. ಕಡಿಮೆಯಾದ ಎಣ್ಣೆಯನ್ನು ತುಂಬುವಾಗ ಕೈಗೆ ಸಿಕ್ಕ ಎಣ್ಣೆಯನ್ನು ಸುರಿಯುವುದು ನಮ್ಮವರ ದೊಡ್ಡ ತಪ್ಪು. ಮೋಟಾರುಗಳ ಬ್ರೇಕಿನ ದ್ರವವು ಬೇರೆ, ಟ್ರ್ಯಾಕ್ಟರಿನ ಎತ್ತುಗೆಗೆ ಹಾಕುವ ಖನಿಜ ಎಣ್ಣೆಯು ಬೇರೆ. ಒಂದರ ರಬ್ಬರು ಇನ್ನೊಂದರಲ್ಲಿ ಉಬ್ಬಿ ಕೆಡುವುದು. ಆಮೇಲೆ ಎಲ್ಲ ರಬ್ಬರುಗಳನ್ನೂ ಬದಲಿಸಬೇಕಾಗುವುದು. ತಯಾರಕರ ಪುಸ್ತಕದಲ್ಲಿ ಹೇಳಿದ್ದನ್ನೇ ಹಾಕತಕ್ಕದ್ದು.

ಗಾಳಿಯ ಬ್ರೇಕಿಗೆ ಪರೀಕ್ಷೆಯು ಇನ್ನೂ ಸುಲಭ. ತೊಟ್ಟಿಯು ತುಂಬಿದ ಮೇಲೆ ಎಂಜಿನನ್ನು ನಿಲ್ಲಿಸಿ, ಹತ್ತು ನಿಮಿಷ ಒತ್ತಡದ ಮುಳ್ಳನ್ನು ನೋಡುತ್ತ ಕುಳಿತುಕೊಳ್ಳಿರಿ. ಮುಳ್ಳು ಕಣ್ಣಿಗೆ ಕಾಣುವಂತೆ ಇಳಿದರೆ ಸೋರಿಕೆಯುಂಟು. ಸಾಬೂನಿನ ನೊರೆಯನ್ನು ಜೋಡಣೆಗಳಿಗೆ ಹಚ್ಚಿದರೆ ಗುಳ್ಳೆ ಏಳುವಲ್ಲಿ ಕಳ್ಳನು ಸಿಕ್ಕುವನು. ತೊಟ್ಟಿಯ ತಳದ ನೀರನ್ನು ದಿನಾಲು ಬಿಡಬೇಕು.

ಇಷ್ಟಾದ ಮೇಲೆ ವಿದ್ಯುತ್ತಿನ ವಿಷಯ. ಅಮೇರಿಕಾ ದೇಶದಲ್ಲಿ ಮೋಟಾರುಗಳ ಹಿಂದೆ ಎಳೆಯುವ ಟ್ರೇಲರುಗಳಿಗೆ ವಿದ್ಯುತ್ತಿನ ಬ್ರೇಕುಗಳು ಸರ್ವೇಸಾಮಾನ್ಯ. ನಮ್ಮ ಟ್ರ್ಯಾಕ್ಟರುಗಳಲ್ಲಿ ಅವು ರೂಢಿಯಲ್ಲಿಲ್ಲ. ನಮ್ಮ ಜಿಲ್ಲೆಯ ಮನೆತನಗಳ ಮಕ್ಕಳು ಆ ದೇಶದಲ್ಲಿರುವುದರಿಂದ ಕೆಲವರು ಅದನ್ನು ಕಂಡಿರಬಹುದು. ಚಾಲಕನ ಮುಂದೆ ಒಂದು ಸಣ್ಣ ನಿಯಂತ್ರಕ ಪೆಟ್ಟಿಗೆಯಿದ್ದು, ಬ್ರೇಕು ಒತ್ತಿದೊಡನೆ ಅದು ತಂತಿಯ ಮೂಲಕ ಟ್ರೇಲರಿಗೆ ಪ್ರವಾಹವನ್ನು ಕಳಿಸುತ್ತದೆ. ಡ್ರಮ್ಮಿನೊಳಗಿನ ವಿದ್ಯುದಯಸ್ಕಾಂತವು ತಿರುಗುವ ಡ್ರಮ್ಮಿಗೆ ಅಂಟಿ, ಅದರೊಡನೆ ತುಸು ಎಳೆಯಲ್ಪಟ್ಟು, ಸನ್ನೆಯನ್ನು ಮೀಟಿ ಪಟ್ಟಿಗಳನ್ನು ಒತ್ತುತ್ತದೆ. ಅಲ್ಲಿಯ ಮಿಸ್ತ್ರಿಗಳು ದೋಷವನ್ನು ಹುಡುಕುವ ಕ್ರಮವು ನಮಗೂ ಕಲಿಯತಕ್ಕದ್ದಾಗಿದೆ. ಸಾಮಾನ್ಯ ಅಳತೆಯ ಒಂದು ಅಯಸ್ಕಾಂತದ ತಡೆಯು ೩.೨ ಓಮು, ೧೨ ವೋಲ್ಟಿಗೆ ಅದು ೩.೭೫ ಆಂಪಿಯರು ಎಳೆಯುವುದು, ನಾಲ್ಕು ಗಾಲಿಗಳಿಗೆ ೧೫. ಪೂರ್ತಿ ಪ್ರವಾಹವನ್ನು ಬಿಟ್ಟಾಗ ಮಾಪಕವು ೧೧ ರ ಸಮೀಪ ತೋರಿಸಿದರೆ ಒಂದು ಗಾಲಿಯ ತಂತಿಯು ತುಂಡಾಗಿದೆ. ಎಲ್ಲಕ್ಕೂ ಕಡಿಮೆಯಾದರೆ ಜೋಡಣೆಯಲ್ಲಿ ಇಲ್ಲವೆ ಭೂಮಿ ತಂತಿಯಲ್ಲಿ ತುಕ್ಕು. ಪೆಟ್ಟಿಗೆಯು ಮಿತಿಮೀರಿದ ಪ್ರವಾಹವೆಂದು ಸೂಚಿಸಿದರೆ ಟ್ರೇಲರಿನ ಪ್ಲಗ್ಗನ್ನು ಕಿತ್ತು ನೋಡುತ್ತಾರೆ. ಸೂಚನೆಯು ಹೋದರೆ ಟ್ರೇಲರಿನಲ್ಲಿ ತಂತಿಯು ಎಲ್ಲಿಯೋ ಕಬ್ಬಿಣಕ್ಕೆ ತಾಗಿದೆ, ಉಳಿದರೆ ದೋಷವು ಮುಂದಿನ ವಾಹನದಲ್ಲಿಯೇ. ಇಲ್ಲಿಯೂ ಜೋಡಿಯನ್ನು ಬಿಡಿಸುವುದೇ ಮೊದಲ ಹೆಜ್ಜೆ ಎಂಬುದನ್ನು ನೋಡಿರಿ.

ನಮ್ಮ ಟ್ರೇಲರುಗಳ ಹಿಂದಿನ ದೀಪಗಳಿಗೆ ಇದೇ ಕ್ರಮವು ಹೊಂದುತ್ತದೆ. ಏಳು ಕಡ್ಡಿಯ ಪ್ಲಗ್ಗನ್ನು ಕಿತ್ತು, ೧೨ ವೋಲ್ಟಿನ ಒಂದು ಬಲ್ಬಿಗೆ ಎರಡು ತಂತಿ ಕಟ್ಟಿ, ಟ್ರ್ಯಾಕ್ಟರಿನ ಕಡೆಯ ಗೂಡಿನಲ್ಲಿ ಒಂದೊಂದಾಗಿ ಮುಟ್ಟಿಸಿ ನೋಡಬೇಕು. ಅಲ್ಲಿ ಬಲ್ಬು ಹತ್ತಿದರೆ ಟ್ರ್ಯಾಕ್ಟರು ನಿರ್ದೋಷಿ. ತಂತಿಗಳ ಬಣ್ಣವನ್ನು ನಂಬಬೇಡಿರಿ. ಸಿಕ್ಕ ತಂತಿಯಿಂದ ಕಟ್ಟಿರುವುದೇ ಹೆಚ್ಚು. ಬ್ರೇಕು ಒತ್ತಿದಾಗ ಕೆಂಪು ದೀಪದ ಬದಲು ತಿರುವಿನ ದೀಪವೂ ಮಂಕಾಗಿ ಮಿನುಗುವುದು ಹಲವರಿಗೆ ದೊಡ್ಡ ಒಗಟಾಗಿದೆ. ಅದರ ಕಾರಣವು ಭೂಮಿ ತಂತಿ. ಅದು ತುಕ್ಕು ಹಿಡಿದಾಗ ಪ್ರವಾಹವು ಮರಳಲು ಹಾದಿಯಿಲ್ಲದೆ ಬೇರೆ ದೀಪಗಳೊಳಗಿಂದ ದಾರಿಯನ್ನು ಹುಡುಕುವುದು, ಅಥವಾ ಕೊಂಡಿಯ ಗೂಟದ ಗ್ರೀಸಿನ ಮೂಲಕ ಆಗೊಮ್ಮೆ ಈಗೊಮ್ಮೆ ಹೋಗುವುದು. ಬ್ಯಾಟರಿಯ ಋಣ ತುದಿಯಿಂದ ಒಂದು ಉದ್ದ ತಂತಿಯನ್ನು ನೇರವಾಗಿ ದೀಪದ ಚೌಕಟ್ಟಿಗೆ ಮುಟ್ಟಿಸಿರಿ. ದೀಪವು ಒಮ್ಮೆಲೆ ಪ್ರಕಾಶಿಸಿದರೆ ದೋಷವು ಸಿಕ್ಕಿತು. ಕಬ್ಬು ತುಂಬಿದ ಟ್ರೇಲರು ಕತ್ತಲೆಯಲ್ಲಿ ದೀಪವಿಲ್ಲದೆ ನಿಂತಿರುವುದನ್ನು ಹಿಂದಿನಿಂದ ಬರುವ ಮೋಟಾರಿನವನು ಕಾಣುವುದು ಹತ್ತು ಮಾರು ಉಳಿದಾಗ. ಕಬ್ಬು ಹಿಂದಕ್ಕೆ ಚಾಚಿ ದೀಪವನ್ನೇ ಮುಚ್ಚುವಂತಿದ್ದರೆ ದೀಪ ಇದ್ದೂ ಫಲವಿಲ್ಲ. ಹೊಳೆಯುವ ಕೆಂಪು ಪಟ್ಟಿಯನ್ನು ಚಾಚಿದ ತುದಿಗೆ ಕಟ್ಟಬೇಕು.

ಚಾಲಕನಿಗೆ ಹೇಳತಕ್ಕದ್ದು ಸ್ವಲ್ಪವೇ. ಇಳಿಜಾರಿನ ನೆತ್ತಿಯಲ್ಲಿಯೇ ಕೆಳಗಿನ ಗೇರಿಗೆ ಬಂದು ಇಳಿಯಬೇಕು, ಅರ್ಧಕ್ಕೆ ಬಂದ ಮೇಲೆ ಬದಲಿಸಲು ಹೋದರೆ ಗೇರು ಸೇರದೆ ಉಳಿಯುವುದು. ಡೀಜೆಲ್ಲು ಉಳಿಯಲೆಂದು ಗೇರನ್ನು ಬಿಡಿಸಿ ಜಾರುವ ಚಟವನ್ನು ಮಾಲಕನು ಕಂಡಲ್ಲಿ ಖಂಡಿಸಬೇಕು. ಎಂಜಿನಿನ ತಡೆಯು ಯಾವ ಪಟ್ಟಿಯನ್ನೂ ಸವೆಸದ ಬ್ರೇಕು. ಕೊಂಡಿಯ ಗೂಟಕ್ಕೆ ಮೊಳೆ, ಅದರ ಜೊತೆಗೆ ಒಂದು ರಕ್ಷಣೆಯ ಸರಪಳಿ, ಗಾಲಿಗೆ ಕೊಡಲು ಎರಡು ಕಟ್ಟಿಗೆಯ ತುಂಡು: ಇವು ಟ್ರೇಲರಿನಲ್ಲಿ ಯಾವಾಗಲೂ ಇರತಕ್ಕದ್ದು. ಮಾಲಿನ ಮೇಲೆ ಕೂಲಿಯ ಜನರನ್ನು ಕೂಡ್ರಿಸಿ ಕಳಿಸಬಾರದು. ಊರಿನಲ್ಲಿ ಎಲ್ಲರೂ ಹೀಗೆಯೇ ಮಾಡುತ್ತಾರೆಂಬ ಸಬೂಬು ಊರ ಹಿರಿಯರ ಬಾಯಿಂದ ಬರುವುದು ಶೋಭಿಸದು.

ಮೇಲೆ ಹೇಳಿದ ಬಯಲಿನ ಪರೀಕ್ಷೆಗೆ ಅರ್ಧ ತಾಸು ಸಾಕು, ಮಿಸ್ತ್ರಿಯೂ ಬೇಕಿಲ್ಲ. ಹೇರುವ ಕಾಲವು ಆರಂಭವಾಗುವ ಮೊದಲು ಊರಿನ ಟ್ರೇಲರುಗಳನ್ನೆಲ್ಲ ಒಂದು ದಿನ ಕೆರೆಯ ಅಂಗಳದಲ್ಲೋ ಕಣದ ಹಾದಿಯಲ್ಲೋ ಕೂಡಿಸಿ ಒಂದೊಂದಾಗಿ ಪರೀಕ್ಷಿಸಿ, ಪರೀಕ್ಷಿಸಿದ ತಾರೀಖನ್ನು ನೊಗದ ಮೇಲೆ ಬಿಳಿಯ ಬಣ್ಣದಿಂದ ಬರೆಯಿಸಿದರೆ ಮುಂದಿನ ವರ್ಷ ಯಾರದು ತಪ್ಪಿದೆಯೆಂಬುದು ಓದಿದವನಿಗೆಲ್ಲ ಕಾಣುವುದು. ನೆಲದ ಮೇಲೆ ಗುರುತು ಬೀಳದ ಗಾಲಿಯು ಕಂಡುಬಂದ ಟ್ರೇಲರನ್ನು ಅಂದೇ ಬಿಚ್ಚಿಸಿರಿ. ದುರಸ್ತಿಯಾಗುವ ತನಕ ಅದರಲ್ಲಿ ಮೇವನ್ನು ಹೊಲದಿಂದ ಹಿತ್ತಲಿಗೆ ತರಬಹುದು, ರಸ್ತೆಗೆ ಇಳಿಸಕೂಡದು.